ಪಹಣಿಯ 11ನೇ ಕಾಲಂ

2025ರ ಜನವರಿ 2ರಂದು ಸುಪ್ರೀಂ ಕೋರ್ಟ್ ಕೊಟ್ಟ ಒಂದು ತೀರ್ಪನ್ನು ಜಮೀನಿರುವ ಎಲ್ಲರೂ ಓದಬೇಕು ಅಂತ ನನಗೆ ಅನ್ನಿಸುತ್ತದೆ. ಬೆಂಗಳೂರು–ಮೈಸೂರು ಕಾರಿಡಾರ್ ಯೋಜನೆಗೆ ಜಾಗ ಕಳೆದುಕೊಂಡವರ ಪ್ರಕರಣ ಅದು. ಗೊಟ್ಟಿಗೆರೆಯಲ್ಲಿ ಮನೆ ಕಟ್ಟೋಣವೆಂದು 1995–97ರ ಹೊತ್ತಿಗೆ ಸೈಟು ಕೊಂಡವರು. 2003ರಲ್ಲಿ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ (ಕೆಐಎಡಿಬಿ) ಭೂಸ್ವಾಧೀನ ಅಧಿಸೂಚನೆ ಬಂತು, 2005ರಲ್ಲಿ ಜಾಗವೂ ಕೈಬಿಟ್ಟಿತು. ಪರಿಹಾರದ ಸುದ್ದಿಯೇ ಇಲ್ಲ. ಕೊನೆಗೆ ನ್ಯಾಯಾಂಗ ನಿಂದನೆ ಅರ್ಜಿ ಹಾಕಿದ ಮೇಲೆ 2019ರ ಏಪ್ರಿಲ್ 22ಕ್ಕೆ ಐತೀರ್ಪು, ಅಂದರೆ ಪರಿಹಾರ ಎಷ್ಟೆಂದು ನಿಗದಿ ಮಾಡುವ ಆದೇಶ, ಹೊರಬಿತ್ತು. ಅಲ್ಲೂ ಲೆಕ್ಕ ಕಟ್ಟಿದ್ದು ಸರ್ಕಾರ ನಿಗದಿ ಮಾಡಿದ 2011ರ ಮಾರ್ಗಸೂಚಿ ದರಕ್ಕೆ.

ನ್ಯಾಯಮೂರ್ತಿಗಳಾದ ಬಿ.ಆರ್. ಗವಾಯಿ ಮತ್ತು ಕೆ.ವಿ. ವಿಶ್ವನಾಥನ್ ಅವರ ಪೀಠ ಇದನ್ನು ಒಪ್ಪಲಿಲ್ಲ. ಸಂಪೂರ್ಣ ನ್ಯಾಯ ಒದಗಿಸಲು ಸಂವಿಧಾನದ 142ನೇ ವಿಧಿ ಕೊಡುವ ವಿಶೇಷ ಅಧಿಕಾರ ಬಳಸಿ, 2019ರ ಏಪ್ರಿಲ್ 22ರಂದು ಇದ್ದ ಮಾರುಕಟ್ಟೆ ಬೆಲೆಯಂತೆ ಕೊಡಿ ಎಂದಿತು. ಆಸ್ತಿ ಈಗ ಮೂಲಭೂತ ಹಕ್ಕಲ್ಲ, 1978ರ 44ನೇ ತಿದ್ದುಪಡಿ ಅದನ್ನು ಆ ಪಟ್ಟಿಯಿಂದ ತೆಗೆದುಹಾಕಿತು. ಆದರೂ 300ಎ ವಿಧಿ ಉಳಿದಿದೆ: ಕಾನೂನಿನ ಪ್ರಕಾರವಲ್ಲದೆ ಯಾರ ಆಸ್ತಿಯನ್ನೂ ಕಿತ್ತುಕೊಳ್ಳುವಂತಿಲ್ಲ. ತಡ ಮಾಡಿದ್ದು ಸರ್ಕಾರ, ನಷ್ಟ ಜಾಗ ಕಳೆದುಕೊಂಡವನಿಗೆ ಅಂದರೆ ಅದು ಯಾವ ಕಾನೂನು?

ನಮ್ಮ ಚಿಕ್ಕಪ್ಪನಿಗೆ ಮಾಲೂರಿನ ಹತ್ತಿರ ಎರಡು ಎಕರೆ ಚಿಲ್ಲರೆ ಜಮೀನಿದೆ. ಅದು ಬೇರೆ ಯೋಜನೆ, ಬೇರೆ ಕಚೇರಿ, ಹೆಸರು ಬೇಡ. ಜಮೀನು ಬೇಕು ಎಂಬ ಪ್ರಾಥಮಿಕ ಅಧಿಸೂಚನೆ ಬಂತು, ಆಕ್ಷೇಪಣೆ ಕೊಟ್ಟರು, ವಿಚಾರಣೆಯೂ ನಡೆಯಿತು. ಆಮೇಲೆ ಯಾರೂ ಈ ಕಡೆ ತಲೆ ಹಾಕಿಲ್ಲ. ಜಮೀನು ಅವರ ಕೈಯಲ್ಲೇ ಇದೆ, ರಾಗಿಯೂ ಬೆಳೆಯುತ್ತಿದ್ದಾರೆ. ಆದರೆ ಪಹಣಿಯ 11ನೇ ಕಾಲಂನಲ್ಲಿ, ಋಣಗಳನ್ನು ಬರೆಯುವ ಜಾಗದಲ್ಲಿ, ಭೂಸ್ವಾಧೀನ ಅಂತ ಒಂದು ಸಾಲು ಕೂತಿದೆ. ಹಿಪ್ಪುನೇರಳೆ ಹಾಕಿ ಡ್ರಿಪ್ ಮಾಡಿಸೋಣ ಎಂದು ಸಾಲ ಕೇಳಲು ಹೋದರೆ, ಮ್ಯಾನೇಜರ್ ಆ ಸಾಲಿನ ಮೇಲೆ ಬೆರಳಿಟ್ಟು ಫೈಲು ವಾಪಸ್ ಕೊಟ್ಟರು. ಬ್ರೋಕರ್‌ಗಳು ಮಾತ್ರ ಬಿಡದೆ ಬರುತ್ತಾರೆ. ‘ನೋಟಿಫಿಕೇಶನ್ ಆಗಿರೋ ಜಮೀನು ಯಜಮಾನ್ರೇ, ಇನ್ಯಾರು ತಗೋತಾರೆ’ ಅಂತ ಅರ್ಧ ಬೆಲೆಗೆ ಅಗ್ರಿಮೆಂಟ್ ಹಿಡಿದುಕೊಂಡು.

‘ಬೇಕು ಅಂದ್ರೆ ತಗೊಳ್ಳಲಮ್ಮ, ಬೇಡ ಅಂದ್ರೆ ಬಿಡಲಿ. ಎರಡೂ ಇಲ್ದೆ ಹಿಂಗೆ ಕಟ್ಟಾಕಿದ್ರೆ ನಾನೇನ್ ಮಾಡ್ಲಿ?’ ಅನ್ನುತ್ತಾರೆ ಚಿಕ್ಕಪ್ಪ. ನನ್ನ ಹತ್ತಿರ ಉತ್ತರವಿಲ್ಲ.

ಗಡುವು ಹಾಕುವುದು ಆಗದ ಕೆಲಸವೇನಲ್ಲ. 2013ರ ಕೇಂದ್ರ ಭೂಸ್ವಾಧೀನ ಕಾಯ್ದೆ ಅಂತಿಮ ಘೋಷಣೆಯಾದ 12 ತಿಂಗಳೊಳಗೆ ಐತೀರ್ಪು ಹೊರಡಿಸಬೇಕು ಎನ್ನುತ್ತದೆ. ಸರ್ಕಾರ ಅವಧಿ ವಿಸ್ತರಿಸದಿದ್ದರೆ ಇಡೀ ಪ್ರಕ್ರಿಯೆ ಬಿದ್ದುಹೋಗುತ್ತದೆ. ಹಳೆಯ 1894ರ ಕಾಯ್ದೆಯಲ್ಲೂ ಎರಡು ವರ್ಷದ ಮಿತಿ ಇತ್ತು. ನಮ್ಮ ರಾಜ್ಯದ 1966ರ ಕೈಗಾರಿಕಾ ಪ್ರದೇಶಾಭಿವೃದ್ಧಿ (ಕೆಐಎಡಿ) ಕಾಯ್ದೆಯಲ್ಲಿ ಮಾತ್ರ ಅಂಥ ಮಿತಿ ಇಲ್ಲ. 1894ರ ಕಾಯ್ದೆಯ ಎರಡು ವರ್ಷದ ನಿಯಮ ಈ ಸ್ವಾಧೀನಗಳಿಗೆ ಅನ್ವಯಿಸುವುದಿಲ್ಲ ಎಂದು 2011ರಲ್ಲಿ ಸುಪ್ರೀಂ ಕೋರ್ಟೇ ಹೇಳಿತು. ಅದೂ ಇದೇ ಕಾರಿಡಾರ್ ಯೋಜನೆಯ ಇನ್ನೊಂದು ಪ್ರಕರಣ.

ಕೈಗಾರಿಕೆ ಬೇಡ ಅಂತ ನಾನು ಹೇಳುತ್ತಿಲ್ಲ. ನಮ್ಮ ಹುಡುಗರು ದಿನಾ ಬಸ್ಸು ಹತ್ತಿ ನರಸಾಪುರ, ವೇಮಗಲ್ ಕಡೆ ಕೆಲಸಕ್ಕೆ ಹೋಗುತ್ತಾರೆ, ಎಷ್ಟೋ ಮನೆ ನಡೆಯುವುದೇ ಆ ಸಂಬಳದಲ್ಲಿ. ಆದರೆ ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯನ್ನು ನೋಡಿ. 1,777 ಎಕರೆಯ ಸ್ವಾಧೀನ ಕೈಬಿಡುತ್ತೇವೆ ಎಂದು ಮುಖ್ಯಮಂತ್ರಿ ಹೇಳಿದ್ದು 2025ರ ಜುಲೈ 15ಕ್ಕೆ, ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತ ಮೇಲೆ. ಅಷ್ಟು ಕೂರುವ ಶಕ್ತಿ ಎಷ್ಟು ಊರಿಗಿದೆ? ಗೊಟ್ಟಿಗೆರೆಯವರಂತೆ ಪರಿಹಾರಕ್ಕೆ 22 ವರ್ಷ ಕಾಯುವ ಶಕ್ತಿ ಎಷ್ಟು ಜನರಿಗಿದೆ?

ಆದ್ದರಿಂದ ಕೆಐಎಡಿ ಕಾಯ್ದೆಗೆ ತಿದ್ದುಪಡಿ ಬೇಕು: ಪ್ರಾಥಮಿಕ ಅಧಿಸೂಚನೆಯಿಂದ ಅಂತಿಮ ಅಧಿಸೂಚನೆಗೆ ಒಂದು ವರ್ಷ, ಅಲ್ಲಿಂದ ಐತೀರ್ಪಿಗೆ ಇನ್ನೊಂದು ವರ್ಷ. ದಾಟಿದರೆ ಅಧಿಸೂಚನೆ ರದ್ದಾಗಬೇಕು, ರೈತ ಅರ್ಜಿ ಹಿಡಿದು ತಾಲ್ಲೂಕು ಕಚೇರಿಗೆ ಅಲೆಯದೆಯೇ 11ನೇ ಕಾಲಂ ಖಾಲಿಯಾಗಬೇಕು. ಯಾವ ಕಾಯ್ದೆಯಡಿ ಜಮೀನು ತೆಗೆದುಕೊಂಡರೂ ಇದೇ ನಿಯಮ ಇರಲಿ. ಇಷ್ಟನ್ನೂ ಒಂದು ಮನವಿಯಾಗಿ ಬರೆದಿದ್ದೇನೆ. ಚಿಕ್ಕಪ್ಪ ಮೊದಲು ಸಹಿ ಹಾಕಿದರು, ಅಕ್ಕಪಕ್ಕದ ಹೊಲದವರೂ ಹಾಕುತ್ತಿದ್ದಾರೆ. ಈ ತಿಂಗಳು ಶಾಸಕರಿಗೆ ಕೊಡುತ್ತೇವೆ.