ಮಂಜೇಶ್ವರದ ನೀರಿಗಿಳಿಸಿದ ತಗಡುಗಳು: 45ನೇ ದಿನ

ಸಮುದ್ರದ ನೀರಿನಲ್ಲಿ ಯಾವ ಲೋಹ ಹೇಗೆ ಸವೆಯುತ್ತದೆ ಎಂದು ನೋಡಲು ಕೆಲವು ಲೋಹದ ತುಂಡುಗಳನ್ನು ನೀರಿಗೆ ಇಳಿಸಿದ್ದೆ. ಭಾನುವಾರ ಬೆಳಿಗ್ಗೆ ಇಳಿತದ ಹೊತ್ತಿಗೆ ಬಂದರಿಗೆ ಹೋಗಿ ಹಗ್ಗ ಎಳೆದೆ. ಕಟ್ಟಿದ್ದು ಆರು ತುಂಡು, ಬಂದದ್ದು ಐದು. ಮೈಲ್ಡ್ ಸ್ಟೀಲಿನದ್ದೊಂದು (ಅಂದರೆ ಸಾಮಾನ್ಯ ಕಬ್ಬಿಣದ್ದು) ಸಮುದ್ರಪಾಲು. ತಪ್ಪು ನನ್ನದೇ. ತೂತಿನ ಅಂಚಿಗೆ ಅರ ಹಾಕಿರಲಿಲ್ಲ, ನೈಲಾನ್ ದಾರ ಸವೆದು ಹೋಗಿದೆ.

ಮೂರು ಮೈಲ್ಡ್ ಸ್ಟೀಲ್, ಎರಡು 304 ದರ್ಜೆಯ ಸ್ಟೇನ್‌ಲೆಸ್, ಒಂದು ತಾಮ್ರ. ಎಲ್ಲ 10 ಸೆಂ.ಮೀ. ಉದ್ದ, 5 ಅಗಲ, 3 ಮಿ.ಮೀ. ದಪ್ಪ. ತಾಮ್ರ ತಾಗಿದರೆ ಕಬ್ಬಿಣ ಬೇಗ ಕರಗುತ್ತದೆ, ಹಾಗಾಗಿ ಪಿವಿಸಿ ಪೈಪಿಗೆ ದೂರ ದೂರ ಕಟ್ಟಿದ್ದೆ.

4ನೇ ದಿನ ನೋಡಿದಾಗ ಸ್ಟೇನ್‌ಲೆಸ್ ಮೇಲೆ ಕಣ್ಣಿಗೆ ಏನೂ ಕಾಣಲಿಲ್ಲ. ಬೆರಳಿಟ್ಟರೆ ಮಾತ್ರ ನಿನ್ನೆಯ ಗಂಜಿ ಪಾತ್ರೆಯ ಹಾಗೆ ಜಾರು. ಅದೇ ಬಯೋಫಿಲ್ಮ್. ಬ್ಯಾಕ್ಟೀರಿಯಾ ಅಂಟಿಕೊಂಡು ಸುತ್ತ ಲೋಳೆ ಕಟ್ಟಿಕೊಳ್ಳುತ್ತವೆ.

ಈಗ ಮೈಲ್ಡ್ ಸ್ಟೀಲ್ ಗುರುತೇ ಸಿಗುವುದಿಲ್ಲ. ಮೇಲೆ ಕೇಸರಿ ತುಕ್ಕಿನ ಗುಳ್ಳೆಗಳು, ನಡುನಡುವೆ ದೋಣಿಗೆ ಅಂಟಿ ಬೆಳೆಯುವ ಬಿಳಿ ಚಿಪ್ಪಿನ ಬಾರ್ನಕಲ್. ಒಂದು ಗುಳ್ಳೆಯನ್ನು ಚಾಕುವಿನಲ್ಲಿ ಎಬ್ಬಿಸಿದೆ. ಒಳಗೆ ಕಾಡಿಗೆಯಂಥ ಕಪ್ಪು ಲೇಪ. ಬಚ್ಚಲು ತೊಳೆಯುವ ಆಸಿಡ್ ಒಂದೇ ಹನಿ ಬಿಟ್ಟದ್ದಕ್ಕೆ ಕೊಳೆತ ಮೊಟ್ಟೆಯ ವಾಸನೆ. ಇದನ್ನು ಅಂಗಳದಲ್ಲೇ ಮಾಡಿ, ಆ ಗಾಳಿ ವಿಷ.

ಆಗುವುದಿಷ್ಟು. ಮೇಲಿನ ಬ್ಯಾಕ್ಟೀರಿಯಾ ಆಮ್ಲಜನಕ ಮುಗಿಸುತ್ತವೆ. ಅಡಿಯಲ್ಲಿ, ಗಾಳಿಯೇ ಬೇಡದ ಡೀಸಲ್ಫೋವಿಬ್ರಿಯೋ ತರಹದವು ನೀರಿನ ಸಲ್ಫೇಟನ್ನು ಸಲ್ಫೈಡ್ ಮಾಡುತ್ತವೆ. ಅದು ಕಬ್ಬಿಣಕ್ಕೆ ಸೇರಿ ಕಪ್ಪಾಗುತ್ತದೆ. ಅಳಿವೆಯ ಕೆಸರು ತುಳಿದಾಗ ಬರುವ ವಾಸನೆಯೂ ಇದೇ.

ಮೈಲ್ಡ್ ಸ್ಟೀಲಿನ ಒಂದು ತುಂಡನ್ನು ಲಿಂಬೆ ಉಪ್ಪಿನ (ಸಿಟ್ರಿಕ್ ಆಸಿಡ್) ನೀರಲ್ಲಿ ತೊಳೆದು ತೂಗಿದೆ. ಆ ನೀರು ಲೋಹವನ್ನೂ ಸ್ವಲ್ಪ ತಿನ್ನುತ್ತದೆ, ಅದಕ್ಕೆ ಸಮುದ್ರ ಕಾಣದ ತುಂಡೊಂದನ್ನು ಜೊತೆಗೇ ಹಾಕಿ ಅದರ ನಷ್ಟ ಕಳೆದೆ. ಸಮುದ್ರದಲ್ಲಿ ಸವೆದದ್ದು 2.1 ಗ್ರಾಂ. ಸಮವಾಗಿ ಹರಡಿದರೆ ವರ್ಷಕ್ಕೆ ಸುಮಾರು 0.2 ಮಿ.ಮೀ. ಆದರೆ ಸವೆದದ್ದು ಸಮವಾಗಿ ಅಲ್ಲ, ಗುಳ್ಳೆಯ ಅಡಿಯಲ್ಲೆಲ್ಲ ಉಗುರು ಸಿಕ್ಕುವಷ್ಟು ಗುಂಡಿ. ಸರಾಸರಿಯನ್ನು ನಾನು ಜಾಸ್ತಿ ನಂಬುವುದಿಲ್ಲ.

ತಾಮ್ರದ ಮೇಲೆ ತೆಳು ಲೋಳೆ, ಹಸಿರು ಕಲೆ, ಒಂದೂ ಚಿಪ್ಪಿಲ್ಲ. ದೋಣಿಯ ಅಡಿಗೆ ಬಳಿಯುವ ಕೆಂಪು ಬಣ್ಣದಲ್ಲೂ ತಾಮ್ರದ ಆಕ್ಸೈಡ್ ಹಾಕುವುದು ಇದಕ್ಕೇ.

ನನ್ನನ್ನು ಬೇಸ್ತು ಬೀಳಿಸಿದ್ದು ಸ್ಟೇನ್‌ಲೆಸ್. ಲೋಳೆ ಒರೆಸಿದರೆ ಫಳಫಳ. ಪ್ಲಾಸ್ಟಿಕ್ ಟೈ ಕತ್ತರಿಸಿದರೆ ಅದರ ಅಡಿಯಲ್ಲಿ ಸಾಸಿವೆ ಗಾತ್ರದ ಮೂರು ಕಂದು ಚುಕ್ಕೆ, ಸೂಜಿ ಇಳಿಯುವಷ್ಟು ಆಳ. ಆ ಸಂದಿಗೆ ಆಮ್ಲಜನಕ ಹೋಗುವುದಿಲ್ಲ, ಉಪ್ಪುನೀರಿನ ಕ್ಲೋರೈಡ್ ಸೇರುತ್ತಲೇ ಇರುತ್ತದೆ, ಸ್ಟೇನ್‌ಲೆಸ್ಸನ್ನು ತುಕ್ಕಿನಿಂದ ಕಾಯುವ ತೆಳು ಪದರ ಮತ್ತೆ ಕೂಡಿಕೊಳ್ಳುವುದಿಲ್ಲ. ಹೊರಮೈಯ ಲೋಳೆಯೂ ಇದಕ್ಕೆ ಕುಮ್ಮಕ್ಕು ಕೊಡುತ್ತದೆ.

ಪಕ್ಕದ ದೋಣಿಯ ಅಣ್ಣ ಇಣುಕಿ ನೋಡಿದರು. "ತುಕ್ಕು ಹಿಡಿಯೋದಿಲ್ಲ ಅಂತ ಜಾಸ್ತಿ ದುಡ್ಡು ಕೊಟ್ಟದ್ದಲ್ವಾ ಮಾರಾಯ?"

ಮುಂದಿನ ಸಲ 304ರ ಜೊತೆ, ಮಾಲಿಬ್ಡಿನಂ ಎಂಬ ಲೋಹ ಬೆರೆತು ಇಂಥ ಗುಂಡಿಗಳನ್ನು ಹೆಚ್ಚು ತಡೆಯುವ 316 ಸ್ಟೇನ್‌ಲೆಸ್ ಇಳಿಸುತ್ತೇನೆ. ಅರ್ಧಕ್ಕೆ ಟೈ, ಅರ್ಧಕ್ಕೆ ಸಡಿಲ ದಾರ. ಈ ಸಲ ತೂತಿಗೆ ಅರ ಹಾಕಿ ಆಯಿತು.