ಆ ತಾಯಿಯ ಪ್ರಶ್ನೆಗೆ ನಾನು ಅರ್ಧ ಉತ್ತರ ಕೊಟ್ಟೆ

ಹುಬ್ಬಳ್ಳಿಯಲ್ಲಿ ಕ್ಯಾನ್ಸರ್ ರೋಗಿಗಳ ಮನೆಯವರ ಜೊತೆ ಕೂತು ಮಾತಾಡುವುದು ನನ್ನ ಕೆಲಸ. ಕೀಮೋ ಅಂಡಗಳನ್ನೂ ಹಾಳು ಮಾಡಬಹುದು, ಅದಕ್ಕೆ ಅದು ಶುರುವಾಗುವ ಮೊದಲು, ಮುಂದೆ ಮಕ್ಕಳಾಗುವ ದಾರಿಯನ್ನು ಹೇಗೆ ಉಳಿಸಿಕೊಳ್ಳಬಹುದು ಅಂತ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ಗದಗ ಕಡೆಯ ತಾಯಿಯೊಬ್ಬರು ಮಗಳನ್ನು ಕರೆದುಕೊಂಡು ಬಂದಿದ್ದರು. ಹುಡುಗಿಗೆ 19 ವರ್ಷ, ಲಿಂಫೋಮಾ ಅನ್ನುವ ಕ್ಯಾನ್ಸರ್. ವಾರದೊಳಗೆ ಕೀಮೋ ಶುರುವಾಗಬೇಕಿತ್ತು. ಅಂಡ ಬೆಳೆಸಿ ತೆಗೆದು ಫ್ರೀಜ್ ಮಾಡಲು ಸುಮಾರು ಎರಡು ವಾರ ಬೇಕು, ಅಷ್ಟು ಟೈಮ್ ಇರಲಿಲ್ಲ. ಇನ್ನೊಂದು ದಾರಿ ಹೇಳಿದೆ: ಅಂಡಾಶಯದ ಹೊರಪದರದ ತುಣುಕುಗಳನ್ನು ಲ್ಯಾಪ್ರೋಸ್ಕೋಪಿಯಲ್ಲಿ ತೆಗೆದು, ದ್ರವ ಸಾರಜನಕದಲ್ಲಿ ಮೈನಸ್ 196 ಡಿಗ್ರಿಯಲ್ಲಿ ಇಟ್ಟು, ಗುಣವಾದ ಮೇಲೆ ವಾಪಸ್ ಕೂಡಿಸುವುದು. ಹೀಗೆ ಮಾಡಿ ಮೊದಲ ಮಗು ಹುಟ್ಟಿದ್ದು 2004ರಲ್ಲಿ, ಬೆಲ್ಜಿಯಂನಲ್ಲಿ.

ಆ ತಾಯಿ ಫೋನಿನಲ್ಲಿ ಏನೋ ನೋಡಿದ್ದರು. "ಅಕ್ಕಾರ, ಅದರಾಗ ಸ್ಟೆಮ್ ಸೆಲ್ ಹಾಕ್ತಾರಂತಲ್ರೀ?" ಅಂದರು. ಸ್ಟೆಮ್ ಸೆಲ್ ಅಂದರೆ ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಕೋಶ. ಹೌದು, ಸಂಶೋಧನೆ ನಡೆದಿದೆ, ಚೆನ್ನಾಗಿ ಕಾಣುತ್ತಿದೆ ಅಂದೆ. ಹೇಳಿದ್ದು ಸುಳ್ಳಲ್ಲ. ಆದರೆ ಅವರು ಏನು ತಿಳಿದುಕೊಂಡು ಕೇಳುತ್ತಿದ್ದಾರೆ ಅಂತ ನಾನು ವಿಚಾರಿಸಲೇ ಇಲ್ಲ. ಹೇಗೂ ಆಮೇಲೆ ಸ್ಟೆಮ್ ಸೆಲ್ ಹಾಕಿದರೆ ಹೊಸ ಅಂಡ ಹುಟ್ಟುತ್ತವೆ, ಈಗ ಸುಮ್ನೆ ಮಗಳಿಗೆ ಇನ್ನೊಂದು ಆಪರೇಷನ್ ಯಾಕೆ ಅಂತ ಅವರು ಅಂದುಕೊಂಡರು. ತುಣುಕು ತೆಗೆಸಲಿಲ್ಲ. ಕೀಮೋ ಎಲ್ಲ ಮುಗಿಸಿ ಬಂದು "ಈಗ ಹಾಕ್ರಿ" ಅಂದಾಗ ನನಗೆ ಗೊತ್ತಾಯಿತು. ಅಷ್ಟೊತ್ತಿಗೆ ಹುಡುಗಿಯ ಎಎಂಎಚ್, ಅಂದರೆ ಅಂಡಾಶಯದಲ್ಲಿ ಅಂಡ ಎಷ್ಟು ಉಳಿದಿವೆ ಅಂತ ಅಂದಾಜು ಕೊಡುವ ರಕ್ತದ ಹಾರ್ಮೋನ್, ತೀರಾ ಕೆಳಗೆ ಬಂದಿತ್ತು. ಆ ದಿನ ಆ ತಾಯಿಯ ಮುಖ ನೋಡಲು ನನಗಾಗಲಿಲ್ಲ.

ನಾನು ಅವತ್ತೇ ಹೇಳಬೇಕಾಗಿದ್ದು ಇಷ್ಟು. ವಾಪಸ್ ಕೂಡಿಸಿದ ತುಣುಕಿಗೆ ರಕ್ತನಾಳಗಳನ್ನು ಯಾರೂ ಹೊಲಿದು ಕೊಡುವುದಿಲ್ಲ, ಅವು ತಾವಾಗಿಯೇ ಬೆಳೆದು ಬರಬೇಕು, ಅಲ್ಲಿಯವರೆಗೆ ಕೆಲವು ದಿನ ತುಣುಕಿಗೆ ಆಮ್ಲಜನಕ ಸಾಲದೆ ಒಳಗಿನ ಅಂಡಕೋಶಗಳಲ್ಲಿ (ಒಂದೊಂದು ಅಂಡ ಇರುವ ಪುಟ್ಟ ಚೀಲಗಳಲ್ಲಿ) ಅರ್ಧಕ್ಕಿಂತ ಜಾಸ್ತಿ ಸಾಯಬಹುದು. ಸ್ಟೆಮ್ ಸೆಲ್ ಕೆಲಸ ಇಲ್ಲಿ. ಕೊಬ್ಬಿನಿಂದ ತೆಗೆದ ಈ ಕೋಶಗಳು ರಕ್ತನಾಳ ಬೆಳೆಯಲು ಬೇಕಾದ ವಸ್ತುಗಳನ್ನು ಬಿಡುತ್ತವೆ. ಬೆಲ್ಜಿಯಂನ ಸಂಶೋಧಕರು ಇಲಿಗಳಲ್ಲಿ, ತುಣುಕು ಕೂಡಿಸುವ ಜಾಗದಲ್ಲಿ 14 ದಿನ ಮೊದಲೇ ಇವನ್ನು ಫೈಬ್ರಿನ್ (ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನ್) ಜೊತೆ ಇಟ್ಟು, ಆಮೇಲೆ ಮನುಷ್ಯರ ಅಂಡಾಶಯದ ತುಣುಕು ಕೂಡಿಸಿದರು. ರಕ್ತನಾಳ ಬೇಗ ಬಂದವು, ಜಾಸ್ತಿ ಅಂಡಕೋಶ ಉಳಿದವು. ಇದ್ದದ್ದು ಉಳಿದವು, ಹೊಸದು ಹುಟ್ಟಲಿಲ್ಲ.

ಈಗ ನಾನು ಹೇಳಿ ಮುಗಿಸಿದ ಮೇಲೆ, ನಿಮಗೆ ಏನು ತಿಳೀತು ಹೇಳ್ರಿ ಅಂತ ಅವರನ್ನೇ ಕೇಳುತ್ತೇನೆ. ಮೊನ್ನೆ ಬ್ಯಾಡಗಿ ಕಡೆಯ ಅಜ್ಜಿಯೊಬ್ಬರು ಮೊಮ್ಮಗಳ ಪಕ್ಕ ಕೂತು, "ಮೆಣಸಿನ ಅಗಿ ಹಚ್ಚೂಕಿಂತ ಮೊದ್ಲ ಹೊಲಾ ಹಸಿ ಮಾಡಿದಂಗ. ಆದ್ರ ಅಗಿನ ಇಲ್ಲಂದ್ರ ಹಸಿ ಮಾಡಿ ಏನ್ ಮಾಡೋದು?" ಅಂದರು. ಡಾಕ್ಟರಿಗೆ ಫೋನ್ ಮಾಡಿ ಕೀಮೋಗೆ ಇನ್ನೂ ಎಷ್ಟು ದಿನ ಇದೆ ಅಂತ ಕೇಳಿದೆ. ನಾಲ್ಕು ದಿನ ಇತ್ತು. ಮರುದಿನವೇ ಲ್ಯಾಪ್ರೋಸ್ಕೋಪಿ ಆಯಿತು.