ವಿಕನ್ ಫೆನ್‌ನಲ್ಲಿ ನಾಲ್ಕು ಚುಕ್ಕೆಯ ಏರೋಪ್ಲೇನ್ ಚಿಟ್ಟೆ

ಕೇಂಬ್ರಿಡ್ಜಿಗೆ ಬಂದವರು ಕಾಲೇಜು ನೋಡಿ, ನದಿಯಲ್ಲಿ ದೋಣಿ ಹತ್ತಿ ವಾಪಸ್ ಹೋಗುತ್ತಾರೆ. ನಾನು ತಮ್ಮನ ತಲೆ ತಿಂದು ವಿಕನ್ ಫೆನ್‌ಗೆ ಹೊರಡಿಸಿದೆ. ಕಾರಿನಲ್ಲಿ ಅರ್ಧ ಗಂಟೆ. ಸುತ್ತಲಿನ ಜೌಗನ್ನೆಲ್ಲ ಒಣಗಿಸಿ ಹೊಲ ಮಾಡಿಬಿಟ್ಟಿದ್ದಾರೆ. ಉಳಿದ ಚೂರುಪಾರಿನಲ್ಲಿ ಇದೂ ಒಂದು. ಹಳೆ ಕಟ್ಟಡ, ಕಾಡು-ಬಯಲು ಕಾಪಾಡುವ ಸಂಸ್ಥೆ ನ್ಯಾಷನಲ್ ಟ್ರಸ್ಟ್ 1899ರಲ್ಲೇ ಇಲ್ಲಿ ಮೊದಲ ತುಂಡು ಜಾಗ ಕೊಂಡಿತ್ತು.

ಮೇ ಕೊನೆ, ಒಳ್ಳೆ ಬಿಸಿಲು. ಹಲಗೆ ದಾರಿಯ ಪಕ್ಕದ ಜೊಂಡಿನ ತುದಿಯಲ್ಲೇ ಕೂತಿತ್ತು, ನಾಲ್ಕು ಚುಕ್ಕೆಯ ಚೇಸರ್ ಅನ್ನೋ ಏರೋಪ್ಲೇನ್ ಚಿಟ್ಟೆ. ಉದ್ದ ನಾಲ್ಕೂವರೆ ಸೆಂಟಿಮೀಟರ್ ಇದ್ದೀತು. ಕಂದು ಮೈ, ಪಕ್ಕಕ್ಕೆ ಹಳದಿ ಅಂಚು, ಬಾಲದ ತುದಿ ಕಪ್ಪು. ಪ್ರತಿ ರೆಕ್ಕೆಯ ಮುಂದಿನ ಅಂಚಿನ ನಡುವೆ ಒಂದು ಕಪ್ಪು ಚುಕ್ಕೆ. ಗಂಡು ಹೆಣ್ಣು ನೋಡೋಕೆ ಒಂದೇ ಥರ. ಗಂಡು ಇನ್ನೊಂದನ್ನು ಅಟ್ಟಿಸಿಕೊಂಡು ಹೋಗಿ, ಮತ್ತೆ ಅದೇ ಕಡ್ಡಿಗೆ ಬಂದು ಕೂರುತ್ತದೆ, ಹಾಗಾಗಿ ಫೋಟೋ ತಪ್ಪಿದರೂ ಬೇಜಾರಿಲ್ಲ. ಕೂಡುವುದೂ ಹಾರುತ್ತಲೇ, ಕೆಲವೇ ಸೆಕೆಂಡು. ಆಮೇಲೆ ಹೆಣ್ಣು ಬಾಲದ ತುದಿಯನ್ನು ನೀರಿಗೆ ತಾಗಿಸಿ ತಾಗಿಸಿ ಮೊಟ್ಟೆ ಹಾಕುತ್ತದೆ, ಗಂಡು ಮೇಲೆ ಕಾವಲು.

ನನಗೆ ಮಾತ್ರ ಹಾರುವುದಕ್ಕಿಂತ ಜಾಸ್ತಿ ಹಿಡಿಸಿದ್ದು ಜೊಂಡಿಗೆ ಕಚ್ಚಿಕೊಂಡಿದ್ದ, ಅದರ ಮರಿಯ ಖಾಲಿ ಚಿಪ್ಪು. ಬೆನ್ನು ಸೀಳಿತ್ತು, ಸೀಳಿನಿಂದ ಸಣ್ಣ ಬಿಳಿ ದಾರಗಳು ಇಣುಕುತ್ತಿದ್ದವು. ಅವು ಉಸಿರಿನ ಕೊಳವೆಗಳ ಒಳಪೊರೆ, ಅದನ್ನೂ ಕಳಚಿ ಬಿಟ್ಟು ಬಂದಿದೆ! ಅದರ ನಿಜವಾದ ಬದುಕು ನೀರಿನಡಿಯ ಕೆಸರಿನಲ್ಲೇ, ಸಾಮಾನ್ಯವಾಗಿ ಎರಡು ವರ್ಷ. ನಮ್ಮಲ್ಲಿ ಮಳೆಗಾಲದ ಕೊನೆಗೆ ಬಯಲಲ್ಲಿ ಗುಂಪುಗುಂಪಾಗಿ ಹಾರುವ ಜಾತಿ ಒಂದೆರಡು ತಿಂಗಳಲ್ಲೇ ಬೆಳೆದುಬಿಡುತ್ತದೆ, ಇಲ್ಲಿನ ತಣ್ಣೀರಲ್ಲಿ ಅದೆಲ್ಲ ಆಗುತ್ತಾ? ಮರಿ ಮುಖದಡಿ ಮಡಚಿಟ್ಟ ಕೆಳತುಟಿಯನ್ನು ಚಕ್ಕನೆ ಚಾಚಿ ಗೊದಮೊಟ್ಟೆ ಹಿಡಿಯುತ್ತದೆ. ಉಸಿರಾಡುವುದು ಹಿಂಭಾಗದಿಂದ, ಅಪಾಯ ಬಂದರೆ ಅಲ್ಲಿಂದಲೇ ನೀರು ಚಿಮ್ಮಿಸಿ ಮುಂದಕ್ಕೆ ನುಗ್ಗುತ್ತದೆ. ರಾಕೆಟ್ಟೇ ಅಲ್ವಾ?

ಕೊನೆಗೆ ಕಡ್ಡಿ ಹತ್ತಿ ಬೆನ್ನು ಸೀಳಿ ಹೊರಬರುತ್ತದೆ. ಕಾಲು ಗಟ್ಟಿಯಾಗುವವರೆಗೂ ಸುಮ್ನೆ ತಲೆಕೆಳಗಾಗಿ ಜೋತುಬಿದ್ದು, ಆಮೇಲೆ ಮೇಲಕ್ಕೆ ಬಾಗಿ ತನ್ನದೇ ಚಿಪ್ಪನ್ನು ಹಿಡಿದು ಬಾಲ ಎಳೆದುಕೊಳ್ಳುತ್ತದೆ. ಮುದುಡಿದ ರೆಕ್ಕೆ ಬಿಚ್ಚಿಕೊಂಡು ಒಣಗಬೇಕು. ಅಷ್ಟರೊಳಗೆ ಹಕ್ಕಿ ಕಂಡರೆ ಕಥೆ ಮುಗೀತು.

ಹೋಗುವುದಾದರೆ ಮೇ ಕೊನೆಯಿಂದ ಜುಲೈವರೆಗೆ, ಬಿಸಿಲಿರುವ ದಿನ ನೋಡಿ ಹೋಗಿ. ಮೋಡ, ಗಾಳಿ ಇದ್ದರೆ ಹೆಚ್ಚೇನೂ ಹಾರುವುದಿಲ್ಲ. ಆಗಸ್ಟ್ ದಾಟಿದರೆ ಚೇಸರ್ ಸಿಗುವುದು ಕಷ್ಟ, ಆದರೆ ಡಾರ್ಟರ್ ಅನ್ನೋ ಇನ್ನೊಂದು ಬಗೆಯ ಕೆಂಪು ಏರೋಪ್ಲೇನ್ ಚಿಟ್ಟೆಗಳಿರುತ್ತವೆ. ಅವು ಹಲಗೆಯ ಮೇಲೇ ಬಿಸಿಲು ಕಾಯಿಸಿಕೊಂಡು ಕೂರುತ್ತವೆ, ಕಾಲಿಡುವಾಗ ನೋಡಿಕೊಳ್ಳಿ.